ಹರಕೆಯ ಹೆಸರು

ಹೊಸಕೋಟೆ, ದೇವನಹಳ್ಳಿ ಕಡೆಯ ಯಾವ ಹಳ್ಳಿಯಲ್ಲಾದರೂ ನಿಂತು ‘ಮುನಿ’ ಎಂದು ಕೂಗಿ ನೋಡಿ, ನಾಲ್ಕು ಬಾಗಿಲಲ್ಲಿ ತಲೆ ಕಾಣಿಸುತ್ತದೆ. ಮುನಿಯಪ್ಪ, ಮುನಿರಾಜು, ಮುನಿಶಾಮಪ್ಪ, ಮುನಿನಂಜಪ್ಪ, ಮುನಿವೆಂಕಟಮ್ಮ, ಮುನಿರತ್ನ. ಊರಾಚೆ ತೋಪಿನಲ್ಲಿ ಸುಣ್ಣ ಬಳಿಸಿಕೊಂಡು ಕಲ್ಲಾಗಿ ಕೂತಿರುವ ಮುನೇಶ್ವರ ಇಷ್ಟು ಜನಕ್ಕೆ ಹೆಸರು ಹಂಚಿದ್ದಾನೆ. ಆ ಹಂಚಿಕೆಯಲ್ಲಿ ನನಗೆ ಬಂದದ್ದು ಮುನಿಯಮ್ಮ. ಹುಟ್ಟಿದ್ದು ಹೊಸಕೋಟೆ ಸೀಮೆ, ಮೇಷ್ಟ್ರಗಿರಿ ಮಾಡಿದ್ದು ದೊಡ್ಡಬಳ್ಳಾಪುರ ತಾಲ್ಲೂಕು. ಈಗ ಪೆನ್ಷನ್ನು.

ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವಂತೆ. ಅಜ್ಜಿ ಮುನೇಶ್ವರನ ಮುಂದೆ ನಿಂತು, ಈ ಸಲದ್ದು ಗಂಡಾಗಲಿ ಹೆಣ್ಣಾಗಲಿ ನಿನ್ನ ಹೆಸರೇ ಇಡ್ತೀನಿ, ಮುಡಿ ಕೊಡ್ತೀನಿ, ಕೋಳಿ ಕೊಯ್ಯಿಸ್ತೀನಿ ಅಂತ ಹರಕೆ ಹೊತ್ತಳು. ಮುಡಿ ಕೊಟ್ಟಾಯಿತು, ಕೋಳಿ ಸಾರೂ ಆಯಿತು. ಹೆಸರಿನ ಬಾಬ್ತು ಮಾತ್ರ ಇನ್ನೂ ನಡೆಯುತ್ತಲೇ ಇದೆ. ಅಜ್ಜಿ ಹೋಗಿ ಎಷ್ಟೋ ಕಾಲವಾದರೂ ಅವಳು ಮಾಡಿದ ಕರಾರನ್ನು ನಾನು ದಿನಾ ಸಹಿ ಹಾಕಿ ಹಾಕಿ ಸಲ್ಲಿಸುತ್ತಾ ಬಂದಿದ್ದೇನೆ. ನಾನು ಕೇಳದೆ, ನಾನು ಹುಟ್ಟುವ ಮೊದಲೇ ಆದ ಹರಕೆ ನನ್ನನ್ನು ಕಟ್ಟಿಹಾಕುತ್ತದೆಯೇ? ದೇವರಿಗೆ ಕೊಟ್ಟ ಮಾತು ಕೊಟ್ಟವರೊಂದಿಗೇ ಮುಗಿಯುತ್ತದೋ, ಯಾರ ತಲೆಯ ಮೇಲೆ ಕೊಟ್ಟರೋ ಅವರಿಗೂ ಅಂಟಿಕೊಳ್ಳುತ್ತದೋ?

ಈ ಪ್ರಶ್ನೆ ಮೊದಲು ಹುಟ್ಟಿದ್ದು ಭಕ್ತಿಯಿಂದೇನೂ ಅಲ್ಲ, ನಾಚಿಕೆಯಿಂದ. ಟಿ.ಸಿ.ಎಚ್. ತರಬೇತಿಯ ಹಾಸ್ಟೆಲಿನಲ್ಲಿ ಎಲ್ಲರೂ ಗೀತಾ, ಸುಮಾ, ಶಶಿಕಲಾ. ಸಿನಿಮಾದಲ್ಲಿ ಮುನಿಯಮ್ಮ ಅಂದರೆ ಪಾತ್ರೆ ತೊಳೆಯುವವಳು. ಹೆಸರು ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ನನ್ನ ಜಾತಿ, ಹೊಲ, ಅಪ್ಪನ ಓದು ಎಲ್ಲದರ ಲೆಕ್ಕ ಮುಗಿದುಹೋಗುತ್ತಿತ್ತು. ಮನುಸ್ಮೃತಿಯ ಎರಡನೇ ಅಧ್ಯಾಯ ಇದನ್ನು ಮುಚ್ಚುಮರೆಯಿಲ್ಲದೆ ವಿಧಿಸಿದೆ: ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲ ಸೂಚಿಸಲಿ, ವೈಶ್ಯನದು ಧನ, ಶೂದ್ರನದು ಮಾತ್ರ ಹೇವರಿಕೆ ಹುಟ್ಟಿಸುವಂತಿರಲಿ. ಅದನ್ನು ಓದಿದಾಗ ಸಿಟ್ಟು ಬಂತು. ಬರಬೇಕಾದ್ದೇ.

ಆದರೆ ದಾಖಲಾತಿ ರಿಜಿಸ್ಟರಿನ ಮುಂದೆ ಕೂತ ಮೇಲೆ ಇನ್ನೊಂದು ಸಂಗತಿ ಕಂಡಿತು. ತಿಪ್ಪಮ್ಮ, ಗುಂಡಪ್ಪ, ಹುಚ್ಚಪ್ಪ, ಕಾಡಮ್ಮ ಎಂಬ ಹೆಸರುಗಳು ನಮ್ಮ ಕಡೆ ಹೇರಳ. ಅವನ್ನು ಇಟ್ಟದ್ದು ಮನುವಿಗೆ ಹೆದರಿದವರಲ್ಲ, ಯಮನಿಗೆ ಹೆದರಿದ ತಾಯಂದಿರು. ಹುಟ್ಟಿದ ಕೂಸುಗಳು ಸಾಯುತ್ತಿದ್ದರೆ ಉಳಿದದ್ದನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿ, ಯಾರೂ ಆಸೆಪಡದಂಥ ಹೆಸರಿಟ್ಟು ಬಿಡುವುದು. ಒಂದು ಜೂನ್ ತಿಂಗಳಲ್ಲಿ ಒಬ್ಬ ತಾಯಿ ಮಗನ ಕೈ ಹಿಡಿದು ಬಂದಳು. ಹುಡುಗನ ಮೂಗಿನಲ್ಲಿ ಚುಚ್ಚಿದ ತೂತು. ಹೆಸರೇನಮ್ಮ ಅಂದೆ. ‘ಮನೇಲಿ ಗುಂಡ ಅಂತೀವಿ. ನೀವೇ ಒಂದು ಒಳ್ಳೆ ಹೆಸ್ರು ಬರ್ಕಳಿ ಮೇಡಂ. ಉಳ್ಕಂಡವ್ನಲ್ಲ, ಇನ್ಯಾಕೆ ಅದು’ ಅಂದಳು. ಅವಳ ಮಟ್ಟಿಗೆ ಆ ಹೆಸರೊಂದು ವೇಷ. ಯಮ ಬಂದು, ಗುರುತು ಸಿಗದೆ ವಾಪಸ್ಸು ಹೋದ; ವೇಷ ಕಳಚಬಹುದು. ಶಾಸ್ತ್ರ ತಿರಸ್ಕಾರದಿಂದ ಕೊಡು ಎಂದದ್ದನ್ನೇ ಈ ಹೆಂಗಸರು ಮಕ್ಕಳನ್ನು ಬಚ್ಚಿಡಲು ಬಳಸಿಕೊಂಡರು. ಇದಕ್ಕಿಂತ ದೊಡ್ಡ ಭಾಷ್ಯ ಆ ಶ್ಲೋಕಕ್ಕೆ ಯಾವ ಪಂಡಿತರೂ ಬರೆದಿರಲಾರರು.

ನನ್ನ ತೊಡಕು ಬೇರೆ. ಗುಂಡನ ಹೆಸರು ಯಮನಿಗೆ ಹೇಳಿದ ಸುಳ್ಳು, ನನ್ನದು ಮುನೇಶ್ವರನಿಗೆ ಕೊಟ್ಟ ಮಾತು. ಸುಳ್ಳನ್ನು ಕೆಲಸವಾದ ಮೇಲೆ ಬಿಡಬಹುದು. ಮಾತನ್ನು?

ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಲ್ಲಿ ಬಹಳ ದೂರ ಹೋದ ಹರಕೆ ಹೆಸರೆಂದರೆ ಟಿಪ್ಪು. ದೇವನಹಳ್ಳಿ ಕೋಟೆಯ ಹತ್ತಿರ ಅವನು ಹುಟ್ಟಿದ ಜಾಗದಲ್ಲಿ ಚಿಕ್ಕದೊಂದು ಕಲ್ಲಿನ ಮಂಟಪವಿದೆ. ತಾಯಿತಂದೆ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾದಲ್ಲಿ ಬೇಡಿಕೊಂಡಿದ್ದರು, ಆ ಸಂತನ ಹೆಸರೇ ಮಗನಿಗೆ ಬಂತು ಎನ್ನುತ್ತಾರೆ. ಫತೇ ಅಲಿ ಎಂಬ ಗೆಲುವಿನ ಹೆಸರೂ ಇತ್ತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಸಾಯುವವರೆಗೂ, ಆಮೇಲೂ, ಅವನು ಟಿಪ್ಪುವೇ. ಅವನ ಬಗ್ಗೆ ಜಗಳವಾಡುವವರು ಕೂಡ ಪ್ರತಿ ಸಲ ಕೂಗುವುದು ಆರ್ಕಾಟಿನ ಒಬ್ಬ ಸಂತನನ್ನು. ಇನ್ನು ಕೆಂಪ, ಕೆಂಪಮ್ಮ ಅನ್ನಿಸಿಕೊಳ್ಳಲು ನಾಚುತ್ತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ದೇವನಹಳ್ಳಿ ಪಕ್ಕದ ವಿಮಾನ ನಿಲ್ದಾಣ 2008ರಲ್ಲಿ ಶುರುವಾಗಿ 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂದ ಮೇಲೆ, ಯಾವ್ಯಾವುದೋ ದೇಶದ ಗಗನಸಖಿಯರು ಆ ಹೆಸರು ಹೇಳಲು ನಾಲಗೆ ಹೊರಳಿಸುತ್ತಿದ್ದಾರೆ. ಮುನಿಯಮ್ಮನಿಗೆ ಒಂದು ಬಸ್ ಸ್ಟಾಪಾದರೂ ಸಿಕ್ಕೀತೆ ಅಂತ ಕಾಯುತ್ತಿದ್ದೇನೆ.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಮುನಿರಾಜು, ಸೈಟು ವ್ಯವಹಾರಕ್ಕೆ ಇಳಿದ ಮೇಲೆ ಎಂ. ರಾಜ್ ಆದ. ದೇವರು ಇನಿಷಿಯಲ್ ಆಗಿಬಿಟ್ಟನಲ್ಲೋ ಅಂದೆ. ‘ಹರಕೆ ಮುರಿದಿಲ್ಲ ಮೇಡಂ, ಷಾರ್ಟ್ ಮಾಡಿದೀನಿ ಅಷ್ಟೆ’ ಅಂದ. ವರ್ಷಾ ವರ್ಷಾ ಮುನೇಶ್ವರನ ಪರಿಷೆಗೆ ಊಟ ಹಾಕಿಸುವವನೂ ಅವನೇ. ಅವನನ್ನು ನಾಸ್ತಿಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಘಾಟಿ ಸುಬ್ರಹ್ಮಣ್ಯದಲ್ಲಿ ಈ ವಿಚಾರ ಇನ್ನೊಂದು ಸುತ್ತು ಸುತ್ತಿಕೊಂಡಿತು. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ನರಸಿಂಹ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಮಕ್ಕಳಾಗದವರು ಅಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಅರಿಶಿನ ಕುಂಕುಮ ಮೆತ್ತಿದ ಆ ಕಲ್ಲುಗಳ ಸಾಲು ನೋಡುವಾಗ ನನಗೆ ನಮ್ಮ ಹಾಜರಿ ಪುಸ್ತಕವೇ ಕಣ್ಣಿಗೆ ಕಟ್ಟುತ್ತಿತ್ತು: ನಾಗರಾಜ, ನಾಗೇಶ, ನಾಗವೇಣಿ, ನಾಗರತ್ನ, ನಾಗಮಣಿ. ತಮ್ಮ ಹುಟ್ಟಿದರೆ ನರಸಿಂಹಮೂರ್ತಿ. ಅರ್ಚನೆಗೆ ನಿಂತರೆ ಅರ್ಚಕರು ಹೆಸರು, ನಕ್ಷತ್ರ, ಗೋತ್ರ ಕೇಳುತ್ತಾರೆ. ನನ್ನ ಹೆಸರು ಸಂಸ್ಕೃತದ ಸಾಲಿಗೆ ಸೇರಿ ‘ಮುನಿಯಮ್ಮ ನಾಮಧೇಯಸ್ಯ’ ಆಗುತ್ತದೆ. ಅವಸರದಲ್ಲಿ ಹೆಣ್ಣು ಗಂಡಾಗಿರುತ್ತೇನೆ, ಹೋಗಲಿ. ಆದರೆ ಎಲ್ಲ ಬಲ್ಲವನಿಗೆ ಹೆಸರು ಹೇಳಿ ಪರಿಚಯ ಮಾಡಿಕೊಡುವ ಅಗತ್ಯವೇನು?

ಮಿಳಿಂದ ಪನ್ಹದಲ್ಲಿ ಇದಕ್ಕೊಂದು ಖಡಕ್ ಉತ್ತರವಿದೆ. ಗ್ರೀಕ್ ದೊರೆ ಮಿಳಿಂದ ಭಿಕ್ಷುವಿನ ಹೆಸರು ಕೇಳುತ್ತಾನೆ. ನಾಗಸೇನ ಎಂದು ಕರೆಯುತ್ತಾರೆ, ಆದರೆ ಅದು ಬಳಕೆಯ ಮಾತಷ್ಟೆ, ಅದರೊಳಗೆ ಯಾವ ವ್ಯಕ್ತಿಯೂ ಸಿಗುವುದಿಲ್ಲ ಎಂದು ಭಿಕ್ಷು ಹೇಳುತ್ತಾನೆ. ಅಚ್ಚು, ಗಾಲಿ, ನೊಗ ಒಂದೊಂದನ್ನೇ ತೋರಿಸಿ, ರಥ ಯಾವುದು ಹೇಳು ಎಂದು ದೊರೆಯನ್ನೇ ಸಿಕ್ಕಿಸುತ್ತಾನೆ. ಹಾಸ್ಟೆಲಿನ ದಿನಗಳಲ್ಲಿ ಇದನ್ನು ಓದಿದ್ದರೆ ಎಷ್ಟು ಹಗುರಾಗುತ್ತಿದ್ದೆನೋ. ಈಗ ಓದಿದರೆ ಅದರಲ್ಲೊಂದು ಕೊರತೆ ಕಾಣುತ್ತದೆ. ಆ ಸಂವಾದದಲ್ಲಿ ಹೆಸರು ಹೊತ್ತವನಿದ್ದಾನೆ, ವಿಚಾರಿಸುವವನಿದ್ದಾನೆ. ಹೊತ್ತು ಮುಳುಗುವಾಗ ಹಿತ್ತಲಲ್ಲಿ ನಿಂತು ನಾಗಸೇನನನ್ನು ಊಟಕ್ಕೆ ಕೂಗಿದವರಿಲ್ಲ. ಹೆಸರನ್ನು ಬಳಸುವುದು ಅವರು. ನಾನು ನನ್ನ ಹೆಸರನ್ನು ಬಾಯಿಬಿಟ್ಟು ಹೇಳುವುದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅರ್ಚಕರ ಮುಂದೆ.

ಭಾಗವತದ ಅಜಾಮಿಳನ ಕಥೆ ಈ ಕೂಗುವವರ ಪರವಾಗಿ ನಿಲ್ಲುತ್ತದೆ. ಕೆಟ್ಟು ಬಾಳಿದವನು ಸಾಯುವಾಗ ಹೆದರಿ ಕಿರಿಯ ಮಗ ನಾರಾಯಣನನ್ನು ಕೂಗಿದ. ವಿಷ್ಣುದೂತರು ಬಂದು ಯಮದೂತರನ್ನು ತಡೆದರು. ಮಕ್ಕಳಿಗೆ ದೇವರ ಹೆಸರಿಡಿ ಎಂದು ನಮ್ಮ ಹಿರಿಯರು ಹೇಳುವುದಕ್ಕೆ ಆಧಾರ ಇದೇ. ಈ ಲೆಕ್ಕದಲ್ಲಿ ಹೆಸರಿನ ಪುಣ್ಯ ಹೊತ್ತವರಿಗಲ್ಲ, ಕರೆದವರಿಗೆ. ಹಾಗಾದರೆ ಅಜ್ಜಿಯ ಹರಕೆಯ ಸಾಲ ನನ್ನ ಮೇಲಿಲ್ಲ. ನನ್ನನ್ನು ಕೂಗಿ ಕೂಗಿ ಅವಳೇ ಅದನ್ನು ತೀರಿಸಿಕೊಂಡು ಹೋಗಿದ್ದಾಳೆ. ಇದು ನನಗೆ ಒಪ್ಪಿಗೆಯಾದ ಉತ್ತರ.

ಇದರಲ್ಲೂ ಒಂದು ತಕರಾರಿದೆ. ನಮ್ಮ ತಾತನ ಹೆಸರು ವೆಂಕಟರಮಣಪ್ಪ. ಅಜ್ಜಿ ಗಂಡನ ಹೆಸರು ಹೇಳುವಂತಿರಲಿಲ್ಲ. ಜನಗಣತಿಯವರು ಬಂದರೆ ‘ಏಳು ಬೆಟ್ಟದ ಮ್ಯಾಲವ್ನಲ್ಲ, ಅವನ ಹೆಸ್ರು’ ಅನ್ನುತ್ತಿದ್ದಳು. ಗೋವಿಂದಾ ಅನ್ನುತ್ತಿದ್ದಳೇ ಹೊರತು ತಿರುಪತಿಯ ಬೆಟ್ಟ ಹತ್ತುವಾಗಲೂ ಆ ಇನ್ನೊಂದು ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ತಾತನ ಹೆಸರನ್ನೇ ನನ್ನ ತಮ್ಮನಿಗೆ ಇಟ್ಟರು. ಮಾವನ ಹೆಸರು ಹೇಳುವುದು ಹೇಗೆಂದು ನಮ್ಮಮ್ಮ ಅವನನ್ನು ಜೀವಮಾನವಿಡೀ ‘ಸ್ವಾಮಿ’ ಎಂದಳು, ಬೈಯುವಾಗಲೂ. ಗಂಡಸರು ದೇವರ ಹೆಸರು ಇಟ್ಟುಕೊಂಡು, ಆ ದೇವರನ್ನು ಹೆಂಗಸರ ನಾಲಗೆಯಿಂದಲೇ ಇಳಿಸಿಬಿಟ್ಟರಲ್ಲ! ಇದಕ್ಕೆ ವಿಷ್ಣುದೂತರ ಬಳಿ ಏನು ಪರಿಹಾರವಿದೆಯೋ.

ಈಗ ಮಗಳಿಗೆ ಗಂಡು ಮಗು. ರೋಹಿಣಿ ನಕ್ಷತ್ರ, ಓ, ವ, ವಿ, ವು ಅಕ್ಷರ ಬರಬೇಕಂತೆ. ಅವಳಿಗೆ ವಿಹಾನ್ ಆಗಬೇಕು. ನಾನು ಮುನಿ ಅಂತೇನೂ ಹಟ ಹಿಡಿದಿಲ್ಲ. ವಿಠ್ಠಲ ಅನ್ನಿ, ವೀರಭದ್ರ ಅನ್ನಿ, ಕೊನೇ ಗಳಿಗೆಯಲ್ಲಿ ಕೂಗಿದರೆ ಬರುವವರ ಹೆಸರಿಡಿ ಅಂದೆ. ಅಜಾಮಿಳನ ಕಥೆಯನ್ನೂ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಾ, ‘ಅಮ್ಮ, ಅವನು ಕೂಗಿದ್ದು ಮಗನನ್ನ. ಬಂದವರು ಬೇರೆ ಯಾರೋ. ಆ ಮಗನ ಹೆಸರಿಗೆ ಮಗನೇ ಬರೋ ಹಂಗಿಲ್ವಾ?’ ಅಂದಳು. ಭಾಗವತ ತೆಗೆದು ಮತ್ತೆ ನೋಡುತ್ತಿದ್ದೇನೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿಯಿದೆ. ಆಮೇಲೆ ಸೇರಿಸಲು 1969ರ ಕಾಯ್ದೆಯಲ್ಲೇ ಅವಕಾಶವಿದೆ, ಒಂದು ವರ್ಷದ ತನಕ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಇಬ್ಬರೂ ಪಾಪು ಅನ್ನುತ್ತಿದ್ದೇವೆ.