ಚಾವಣಿ ಇಲ್ಲದ ಗುಡಿ

ಸೂರ್ಯನಿಗೆ ಗುಡಿ ಯಾಕೆ ಬೇಕು? ಉಳಿದ ದೇವರುಗಳ ದರ್ಶನಕ್ಕೆ ಗರ್ಭಗುಡಿಯ ಬಾಗಿಲು ತೆರೆಯಬೇಕು. ಇವನನ್ನು ಕಾಣಲು ನಮ್ಮ ಮನೆಯ ಬಾಗಿಲು ತೆರೆದರೆ ಸಾಕು. ಅರಮನೆಯ ಅಂಗಳಕ್ಕೂ ಹೊಲದ ಬದುವಿಗೂ ಬೀಳುವುದು ಒಂದೇ ಬಿಸಿಲು. ಇಂಥ ದೇವರ ಮತ್ತು ಜನರ ನಡುವೆಯೂ ಒಬ್ಬ ಬಂದು ನಿಲ್ಲಬಹುದೇ? ನಿಲ್ಲಬಹುದು ಎನ್ನುವುದಕ್ಕೆ ಈಜಿಪ್ಟಿನ ಅಮರ್ನಾ ಸಾಕ್ಷಿ.

ಕ್ರಿ.ಪೂ. 14ನೆಯ ಶತಮಾನದ ದೊರೆ ಅಖೆನಾತೆನ್ ತನ್ನ ಆಳ್ವಿಕೆಯ 5ನೆಯ ವರ್ಷ ನೈಲ್ ನದಿಯ ಪೂರ್ವ ದಂಡೆಯ ಖಾಲಿ ನೆಲದಲ್ಲಿ ಹೊಸ ರಾಜಧಾನಿಯನ್ನು ಸ್ಥಾಪಿಸಿದ. ಅದೇ ಈಗಿನ ಅಮರ್ನಾ. ಅಲ್ಲಿ ಪೂಜೆ ಆತೆನ್ ಎಂಬ ಸೂರ್ಯಬಿಂಬಕ್ಕೆ. ಹಳೆಯ ದೇವರಾದ ಅಮುನ್‌ನ ಕಾರ್ನಾಕ್ ಗುಡಿಯಲ್ಲಿ ಒಳಹೋದಂತೆಲ್ಲ ಕತ್ತಲು ಹೆಚ್ಚುತ್ತದೆ. ಅಮುನ್ ಎಂಬ ಹೆಸರಿನ ಅರ್ಥವೇ ಅಡಗಿರುವವನು. ಆತೆನ್‌ನ ಗುಡಿಯದು ಬಯಲು ಅಂಗಳ, ನೂರಾರು ನೈವೇದ್ಯದ ಕಟ್ಟೆಗಳು, ಮೇಲೆ ಆಕಾಶ. ದೇವರನ್ನು ಕತ್ತಲಿನಿಂದ ಹೊರಗೆ ತಂದ ಈ ಯೋಚನೆ ನಿಜಕ್ಕೂ ದೊಡ್ಡದು.

ಆದರೆ ಆ ಕಾಲದ ಒಂದು ಶಿಲ್ಪವನ್ನು ಹತ್ತಿರದಿಂದ ನೋಡಬೇಕು. ಮೇಲೆ ದುಂಡನೆಯ ಬಿಂಬ. ಅಲ್ಲಿಂದ ಇಳಿಯುವ ಪ್ರತಿ ಕಿರಣದ ತುದಿಯಲ್ಲಿ ಒಂದು ಪುಟ್ಟ ಅಂಗೈ. ಕೆಲವು ಅಂಗೈಗಳು ಜೀವದ ಚಿಹ್ನೆಯಾದ ಅಂಖ್ ಹಿಡಿದಿವೆ. ಅದನ್ನು ಅವು ಒಡ್ಡುವುದು ಯಾರ ಮೂಗಿನ ಬಳಿ? ದೊರೆಯ ಮತ್ತು ರಾಣಿ ನೆಫರ್ತೀತಿಯ ಮೂಗಿನ ಬಳಿ ಮಾತ್ರ. ಪಕ್ಕದಲ್ಲಿ ಬಗ್ಗಿ ನಿಂತ ಸೇವಕರತ್ತ ಒಂದು ಕೈಯೂ ಚಾಚಿಲ್ಲ. ಆತೆನ್‌ನ ದೊಡ್ಡ ಸ್ತೋತ್ರದಲ್ಲೂ ಇದೇ ಬಿರುಕು. ಪರದೇಶದ ಜನರನ್ನೂ ಮೊಟ್ಟೆಯೊಳಗಿನ ಮರಿಯನ್ನೂ ಸಲಹುವವನೆಂದು ಸೂರ್ಯನನ್ನು ಹೊಗಳುವ ಆ ಸ್ತೋತ್ರ, ಕೊನೆಗೆ ಅವನನ್ನು ಬಲ್ಲವನು ದೊರೆಯೊಬ್ಬನೇ ಎನ್ನುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ಇಲ್ಲಿ ಬೆಳಕಿಗೂ ಒಬ್ಬ ಪೂಜಾರಿ ಬಂದ.

ಹಳೆಯ ಧರ್ಮದಲ್ಲೂ ದೊರೆಯೇ ಮುಖ್ಯ ಅರ್ಚಕನಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅಲ್ಲಿ ಬೇರೆ ಬಾಗಿಲುಗಳಿದ್ದವು. ಅಮುನ್ ಹಬ್ಬದ ದಿನ ದೋಣಿಯಲ್ಲಿ ಮೆರವಣಿಗೆ ಹೊರಟು ಜನರ ನಡುವೆ ಬರುತ್ತಿದ್ದ. ಸತ್ತವರನ್ನು ಒಸಿರಿಸ್ ನೋಡಿಕೊಳ್ಳುತ್ತಿದ್ದ. ಅಖೆನಾತೆನ್ ಅಮುನ್‌ನ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ. ಅಮರ್ನಾದ ಸಿರಿವಂತರ ಮನೆಗಳಲ್ಲಿ ಸಿಕ್ಕ ಪೂಜೆಯ ಫಲಕಗಳಲ್ಲಿ ಇರುವುದು ರಾಜಕುಟುಂಬದ ಚಿತ್ರ. ಆದರೆ ಕೆಲಸಗಾರರ ಕೇರಿಯಲ್ಲಿ ಹೆರಿಗೆಯನ್ನೂ ಮಕ್ಕಳನ್ನೂ ಕಾಯುವ ಬೆಸ್, ತಾವೆರೆತ್ ದೇವತೆಗಳ ತಾಯಿತಗಳು ಸಿಕ್ಕಿವೆ. ತಮ್ಮ ಕೈಗೆಟುಕುವ ದೇವರನ್ನು ಆ ಜನ ಬಿಟ್ಟುಕೊಡಲಿಲ್ಲ.

ಆ ಜನರ ಮೈ ಇನ್ನೊಂದು ಕಥೆ ಹೇಳುತ್ತದೆ. ಅಮರ್ನಾದ ಸಾಮಾನ್ಯರ ಸ್ಮಶಾನದಲ್ಲಿ ಬೆನ್ನುಮೂಳೆ ಸವೆದ, ಬಾಲ್ಯದಲ್ಲಿ ಅರೆಹೊಟ್ಟೆ ಉಂಡ ಗುರುತುಳ್ಳ ಅಸ್ಥಿಗಳು ಸಿಕ್ಕಿವೆ. ಅತ್ತ ಗುಡಿಯ ಕಟ್ಟೆಗಳ ಮೇಲೆ ರೊಟ್ಟಿ, ಮಾಂಸದ ರಾಶಿ. ಅಮರ್ನಾದಲ್ಲೇ ದೊರೆತ ಜೇಡಿಮಣ್ಣಿನ ಪತ್ರವೊಂದರಲ್ಲಿ ಅಸ್ಸೀರಿಯಾದ ದೊರೆ ಅಶ್ಶೂರ್-ಉಬಲ್ಲಿತ್ ಈಜಿಪ್ಟಿನ ದೊರೆಗೆ ದೂರುತ್ತಾನೆ: ನನ್ನ ದೂತರನ್ನು ಬಿಸಿಲಲ್ಲಿ ನಿಲ್ಲಿಸಿ ಯಾಕೆ ಸಾಯಿಸುತ್ತೀರಿ? ಅದು ಗುಡಿಯ ಬಿಸಿಲೇ ಎಂದು ಪತ್ರ ಹೇಳುವುದಿಲ್ಲ. ಆದರೂ ಬೆಳಕನ್ನು ಪೂಜಿಸುವ ಊರಿನಲ್ಲಿ ಬಿಸಿಲಿಗೆ ನಿಂತವರ ನೆತ್ತಿಯನ್ನು ಯಾರು ನೋಡುತ್ತಿದ್ದರು ಎಂಬ ಪ್ರಶ್ನೆಯನ್ನು ಅದು ನನ್ನೊಳಗೆ ಬಿಟ್ಟುಹೋಗುತ್ತದೆ.

ಅದಕ್ಕೇ ನನ್ನ ನಂಬಿಕೆ: ಚಾವಣಿ ತೆಗೆದ ಮಾತ್ರಕ್ಕೆ ಗುಡಿ ಎಲ್ಲರದಾಗುವುದಿಲ್ಲ. ಕಲ್ಲಿನ ಮರೆಗಿಂತ ಗಟ್ಟಿಯಾದ ಮರೆ, ನನ್ನ ಮೂಲಕವೇ ಬನ್ನಿ ಎನ್ನುವ ಮನುಷ್ಯ.

ಅಖೆನಾತೆನ್ ತೀರಿಕೊಂಡ ಮೇಲೆ ಕಾರ್ನಾಕ್‌ನಲ್ಲಿ ಅವನು ಕಟ್ಟಿಸಿದ್ದ ಆತೆನ್ ಗುಡಿಗಳನ್ನು ಕೆಡವಿದರು. ಒಬ್ಬನೇ ಹೊತ್ತು ಸಾಗಿಸಬಹುದಾದಷ್ಟು ಚಿಕ್ಕ ಕಲ್ಲುಗಳು ಅವು. ಅವನ್ನು ಹೊರೆಂಹೆಬ್ ದೊರೆ ಅಮುನ್‌ನ ಹೆಬ್ಬಾಗಿಲ ಗೋಪುರಗಳ ಹೊಟ್ಟೆಗೆ ತುಂಬಿಸಿದ. ಕಿರಣದ ತುದಿಯ ಆ ಪುಟ್ಟ ಅಂಗೈಗಳು ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಅಲ್ಲಿನ ಕತ್ತಲಲ್ಲಿದ್ದವು. ಹೊರಗೆ ದಿನವೂ ಬೆಳಗಾಯಿತು. ಬಿಸಿಲು ಯಾರನ್ನೂ ಕೇಳದೆ ಎಲ್ಲರ ಅಂಗಳಕ್ಕೂ ಬಂತು.