ರಾಜಿಯಲ್ಲಿ ಬಿಟ್ಟುಕೊಟ್ಟದ್ದು ಯಾರ ಪಾಲು?

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಕೈ ಹಿಡಿದು, ಬೆರಳುಗಳಲ್ಲೇ ಬೆಲೆ ಕುದುರಿಸುವುದನ್ನು ನೀವು ನೋಡಿರಬಹುದು. ಮಾರುವವನು ತನಗೆ ಸಾಕಾಗುವುದಕ್ಕಿಂತ ಹೆಚ್ಚು ಕೇಳುತ್ತಾನೆ. ಕೊಳ್ಳುವವನು ಕೊಡಲು ಸಿದ್ಧನಿರುವುದಕ್ಕಿಂತ ಕಡಿಮೆ ಹೇಳುತ್ತಾನೆ. ಆದರೂ ಇಬ್ಬರೂ ಸುಳ್ಳು ಹೇಳಿದರೆಂದು ಯಾರೂ ದೂರುವುದಿಲ್ಲ. ಮೊದಲ ಬೆಲೆ ಕೊನೆಯ ಬೆಲೆಯಲ್ಲವೆಂದು ಇಬ್ಬರಿಗೂ ಗೊತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ಚೌಕಾಸಿ ಮಾಡದೆ ಸಾಮಾನು ತಂದವರನ್ನು ಮನೆಯವರೇ ಬೈದಾರು!

ಇದೇ ಕೆಲಸವನ್ನು ಸರ್ಕಾರಗಳು ಮಾಡಿದರೆ ಮಾತ್ರ ನಮಗೆ ಸಹಿಸದು. 'ರಾಜಿಯಾದರು' ಎಂಬ ಮಾತು ನಮ್ಮಲ್ಲಿ ಹೆಚ್ಚುಕಡಿಮೆ ಬೈಗುಳವೇ. ಹಾಗಾದರೆ ತೆರಿಗೆ, ಅನುದಾನಗಳ ವಿಷಯದಲ್ಲಿ ಹಿಡಿದ ಪಟ್ಟು ಸಡಿಲಿಸದಿರುವುದೇ ಧರ್ಮವೇ?

ಬೈಬಲಿನ ಅರಸರ ಮೊದಲ ಗ್ರಂಥದ 12ನೇ ಅಧ್ಯಾಯವನ್ನು ಓದಿ ನೋಡಿ. ತಂದೆ ಸೊಲೊಮೋನ ಹೇರಿದ್ದ ನೊಗವನ್ನು ಹಗುರ ಮಾಡಬೇಕೆಂದು ಜನರು ರೆಹಬ್ಬಾಮನನ್ನು ಬೇಡುತ್ತಾರೆ. ಒಪ್ಪಿಕೋ ಎಂದು ಹಿರಿಯರು ಹೇಳುತ್ತಾರೆ. ಅವನು ತನ್ನ ಜೊತೆಗೆ ಬೆಳೆದ ಯುವಕರ ಮಾತು ಕೇಳಿ ನೊಗವನ್ನು ಇನ್ನಷ್ಟು ಭಾರ ಮಾಡುತ್ತೇನೆಂದು ಗದರುತ್ತಾನೆ. ರಾಜ್ಯ ಒಡೆದುಹೋಯಿತು. ಆದರೆ ಜನರ ಕಲ್ಲೇಟಿಗೆ ಸತ್ತವನು ರಾಜನಲ್ಲ. ಬಿಟ್ಟಿ ದುಡಿಮೆಯ ಮೇಲ್ವಿಚಾರಕನಾಗಿದ್ದ ಅದೋರಾಮ. ರಾಜನು ರಥ ಹತ್ತಿ ಜೆರುಸಲೇಮಿಗೆ ಓಡಿದ. ಪಟ್ಟು ಹಿಡಿದವನೊಬ್ಬ, ಬೆಲೆ ತೆತ್ತವನು ಮತ್ತೊಬ್ಬ.

ನಮ್ಮ ರಾಜ್ಯದ ಮಾತಿಗೆ ಬರೋಣ. 2023ರಲ್ಲಿ ಮಳೆ ಕೈಕೊಟ್ಟು, 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯವು ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಳು ಉರುಳಿದವು. 2024ರ ಮಾರ್ಚ್‌ನಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೇಂದ್ರ ಮತ್ತು ರಾಜ್ಯಗಳ ನಡುವೆ ಇಂಥ ಪೈಪೋಟಿ ಸಲ್ಲದೆಂದು ನ್ಯಾಯಾಲಯ ಹೇಳಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ನಿಯಮದ ಪ್ರಕಾರ ಲೆಕ್ಕ ಹಾಕಿಯೇ ಕೇಳಿದ್ದೇವೆಂದು ರಾಜ್ಯದ ವಾದ. ನಿಯಮದಂತೆಯೇ ಕೊಟ್ಟಿದ್ದೇವೆಂದು ಕೇಂದ್ರದ ವಾದ.

ಯಾರ ಲೆಕ್ಕ ಸರಿ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಮಳೆಯಾಶ್ರಿತ ಬೆಳೆ ಕಳೆದುಕೊಂಡವನಿಗೆ ಹೆಕ್ಟೇರಿಗೆ 8,500 ರೂಪಾಯಿ ಎಂದು ಆಗ ನಿಯಮವೇ ಇತ್ತು. ನಿಯಮ ಗೊತ್ತುಮಾಡಿದ ಮೊತ್ತ ಚೌಕಾಸಿಯ ಸರಕಲ್ಲ. ಹೊಸ ಯೋಜನೆಗೆ ಎಷ್ಟು, ವಿಶೇಷ ಅನುದಾನ ಎಷ್ಟು ಎಂಬುದನ್ನು ಕುದುರಿಸಿಕೊಳ್ಳಲಿ, ತಪ್ಪಿಲ್ಲ. ಒಣಗಿದ ಮೆಕ್ಕೆಜೋಳದ ಹೊಲದ ಮುಂದೆ ನಿಂತ ರೈತನು ಆ ಟವೆಲಿನ ಕೆಳಗೆ ಕೈ ಇಟ್ಟವನಲ್ಲ. ಪತ್ರಿಕೆಯಲ್ಲಿ ಕಂಡ ದೊಡ್ಡ ಅಂಕಿಯನ್ನು ಅವನು ಕೇಳುವ ಬೆಲೆಯೆಂದು ಓದುವುದಿಲ್ಲ, ಬರಲಿರುವ ಹಣವೆಂದು ಓದುತ್ತಾನೆ. ಎದುರಾಳಿಗೆ ಸುಳ್ಳಲ್ಲದ ಮಾತು ಮೂರನೆಯವನಿಗೆ ಸುಳ್ಳಾಗುವುದು ಹೀಗೆಯೇ.

ಸಂತ ಥಾಮಸ್ ಅಕ್ವಿನಾಸರು ವ್ಯಾಪಾರದ ನ್ಯಾಯವನ್ನು ಕುರಿತು ಬರೆಯುವಾಗ ಒಬ್ಬ ಗೋಧಿ ವರ್ತಕನ ಪ್ರಸಂಗವನ್ನು ಎತ್ತುತ್ತಾರೆ. ಬೆಲೆ ಏರಿರುವ ಊರಿಗೆ ಅವನು ಗೋಧಿ ತಂದಿದ್ದಾನೆ. ಹಿಂದೆ ಇನ್ನೂ ಹಲವರು ತರುತ್ತಿರುವುದು ಅವನೊಬ್ಬನಿಗೆ ಗೊತ್ತು. ಅದನ್ನು ಹೇಳಲೇಬೇಕೆಂದು ನ್ಯಾಯ ಅವನನ್ನು ಕಟ್ಟಿಹಾಕುವುದಿಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ ಎನ್ನುತ್ತಾರೆ. ಆದರೆ ಸರಕಿನಲ್ಲೇ ಕಣ್ಣಿಗೆ ಕಾಣದ ದೋಷವಿದ್ದರೆ ಅದನ್ನು ಮುಚ್ಚಿಡುವಂತಿಲ್ಲ. ಈ ಅಳತೆಗೋಲು ಬಜೆಟ್ಟಿಗೂ ಒಪ್ಪುತ್ತದೆ. ಎಷ್ಟಕ್ಕೆ ಇಳಿಯುತ್ತೇನೆಂಬುದನ್ನು ಮಂತ್ರಿಯು ಎದುರಿನ ಮಂತ್ರಿಗೆ ಹೇಳಬೇಕಾಗಿಲ್ಲ. ಜನರಿಗೆ ಕೊಡುವ ಭರವಸೆಯೊಳಗಿನ ದೋಷವನ್ನು ಮಾತ್ರ ಹೇಳಲೇಬೇಕು.

2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ಮೇ ತಿಂಗಳಲ್ಲಿ ರಾಜ್ಯದ ಚುನಾವಣೆ. ನಮ್ಮ ಜಿಲ್ಲೆಯ ಒಣಭೂಮಿ ಜಗಳೂರಿಗೆ ಅದು ನೀರಿನ ಸುದ್ದಿ. ಮರುವರ್ಷ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗಲೂ ಆ ಹಣ ಬಂದಿರಲಿಲ್ಲ. ಘೋಷಣೆಗೂ ಬಿಡುಗಡೆಗೂ ನಡುವೆ ಎಷ್ಟು ಮೆಟ್ಟಿಲುಗಳಿವೆಯೆಂದು ಜಗಳೂರಿನವರಿಗೆ ಯಾರು ಬಿಡಿಸಿ ಹೇಳಿದ್ದರು?

ಅದೇ ಧರಣಿಯಲ್ಲಿ ರಾಜ್ಯ ಮುಂದಿಟ್ಟ ಇನ್ನೊಂದು ದೂರು, ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ. 4.713ರಿಂದ 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತೆಂಬುದು. ಅಂಕಿ ನಿಜ, ನೋವೂ ನಿಜ. ಆದರೆ ಬಡ ರಾಜ್ಯಗಳಿಗೆ ಹೆಚ್ಚು ಹೋಗಬೇಕೆಂಬ ತತ್ವವನ್ನು 'ನಮ್ಮ ತೆರಿಗೆ ನಮ್ಮ ಹಕ್ಕು' ಎಂಬ ಒಂದೇ ಕೂಗು ಅಳಿಸಿಹಾಕಲಾರದು. ಅದೇ ಮಾತನ್ನು ನಾಳೆ ಬೆಂಗಳೂರಿನವರು ಜಗಳೂರಿನವರಿಗೆ ಹೇಳಿದರೆ?

ಪಕ್ಕದ ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿ ಇದೆ. ವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ಆ ಮೂರ್ತಿಯ ಹಿಂದಿರುವ ನಂಬಿಕೆ ನಮ್ಮದಲ್ಲದಿದ್ದರೂ ಅದರ ರೂಪವನ್ನು ಗಮನಿಸಬಹುದು: ಇಬ್ಬರೂ ಬಿಟ್ಟುಕೊಟ್ಟದ್ದು ತಮ್ಮ ತಮ್ಮ ಅರ್ಧವನ್ನು.

2020ರ ಜಿಎಸ್‌ಟಿ ರಾಜಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರಾಜ್ಯಗಳ ಆದಾಯ ವರ್ಷಕ್ಕೆ ಶೇ. 14ರಷ್ಟು ಬೆಳೆಯದಿದ್ದರೆ ಐದು ವರ್ಷ ಪರಿಹಾರ ಕೊಡುವುದಾಗಿ ಕಾನೂನೇ ಮಾತು ಕೊಟ್ಟಿತ್ತು. ಕೊರೋನಾ ಬಂದು ಖಜಾನೆ ಬರಿದಾದಾಗ ಕೇಂದ್ರವು ಸಾಲದ ಎರಡು ದಾರಿಗಳನ್ನು ಮುಂದಿಟ್ಟಿತು. ಕರ್ನಾಟಕ ಮೊದಲನೆಯದನ್ನು ಒಪ್ಪಿತು. ಕೇರಳದಂಥ ಕೆಲವು ರಾಜ್ಯಗಳು ಪಟ್ಟು ಹಿಡಿದವು. ಅಕ್ಟೋಬರಿನಲ್ಲಿ ಕೇಂದ್ರ ತಾನೇ 1.1 ಲಕ್ಷ ಕೋಟಿ ಸಾಲ ಎತ್ತಿ ರಾಜ್ಯಗಳಿಗೆ ಕೊಡಲು ಒಪ್ಪಿತು. ಜಗಳ ಮುಗಿಯಿತು, ಆಸ್ಪತ್ರೆಗಳಿಗೂ ಸಂಬಳಗಳಿಗೂ ಹಣ ಸಿಕ್ಕಿತು. ಆ ಸಂಕಟದಲ್ಲಿ ಆದ ರಾಜಿಯನ್ನು ನಾನು ತಪ್ಪೆನ್ನಲಾರೆ. ಆದರೆ ಸಾಲ ತೀರಿಸಲು, 2022ರ ಜೂನ್‌ಗೆ ಮುಗಿಯಬೇಕಿದ್ದ ಪರಿಹಾರ ಸೆಸ್ಸನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. ಕೇಂದ್ರವೂ ಕೊಡಲಿಲ್ಲ, ರಾಜ್ಯವೂ ಕೊಡಲಿಲ್ಲ, ಕೊಟ್ಟವರು ಕೊಳ್ಳುವವರು. ಕಾರು, ತಂಬಾಕುಗಳ ಮೇಲಿನ ಸೆಸ್ಸಿಗಾಗಿ ಯಾರೂ ಅಳಬೇಕಾಗಿಲ್ಲ. ಕಲ್ಲಿದ್ದಲಿನ ಮೇಲೂ ಟನ್ನಿಗೆ 400 ರೂಪಾಯಿ ಇತ್ತು. ತಂಬಾಕು ಬಿಟ್ಟು ಉಳಿದವುಗಳ ಮೇಲೆ ಅದು ನಿಂತದ್ದು 2025ರ ಸೆಪ್ಟೆಂಬರ್ 22ರಂದು. ಅಲ್ಲಿಯವರೆಗೆ ಕಲ್ಲಿದ್ದಲಿನಿಂದ ಬಂದ ಕರೆಂಟಿನ ಬೆಲೆಯಲ್ಲಿ ಅದೂ ಸೇರಿತ್ತು. ಮನೆಗೆ ಬರುವ ಬಿಲ್ಲಿನಲ್ಲಿ ಅದಕ್ಕೆ ಬೇರೆ ಸಾಲು ಇರಲಿಲ್ಲ.