ಗಾಯದ ಕಲೆ ಯಾರ ಬರಹ?

ಛಟ್ಟಿ ಅಮಾವಾಸ್ಯೆ ಹತ್ತಿರ ಬಂದಂತೆ ವಿಜಯಪುರ, ಬೆಳಗಾವಿ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಹೊರಟ ಪಾದಯಾತ್ರಿಗಳು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಗುಡ್ಡಾಪುರದತ್ತ ಮುಖಮಾಡುತ್ತಾರೆ. ನೆಲ ಮಹಾರಾಷ್ಟ್ರದ್ದು, ಕಿವಿಗೆ ಬೀಳುವ ಮಾತು ಕನ್ನಡ. ವರದಾನಿ ದಾನಮ್ಮನ ಮುಂದೆ ನಿಂತವರ ಹರಕೆಗಳಲ್ಲಿ ಮಕ್ಕಳ ಮದುವೆ, ಮಳೆ, ಬೆಳೆಗಳ ಜೊತೆಗೆ ದೇಹದ ಸಂಕಟಗಳೂ ಇರುತ್ತವೆ. ಅವುಗಳಲ್ಲಿ ಕೆಲವನ್ನು ಗಟ್ಟಿಯಾಗಿ ಹೇಳಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಮೂತ್ರ ಕಟ್ಟುವುದು ಅಂಥದ್ದೊಂದು. ಎಂದೋ ಬಿದ್ದ ಪೆಟ್ಟು, ಎಂದೋ ಹಾಕಿದ ಕ್ಯಾಥೆಟರ್, ಎಂದೋ ಆದ ಸೋಂಕು ಮಾಯ್ದುಹೋಯಿತು ಎಂದುಕೊಂಡಿದ್ದಾಗ ತಿಂಗಳುಗಳ ಮೇಲೆ ಮೂತ್ರದ ಧಾರೆ ಸಣ್ಣಗಾಗುತ್ತದೆ, ಕವಲೊಡೆಯುತ್ತದೆ, ಕೊನೆಗೆ ನಿಂತೇಹೋಗುತ್ತದೆ. ಇಂಥ ಕಾಯಿಲೆಯ ಸುತ್ತ ನಾಚಿಕೆ ಇದ್ದಲ್ಲೆಲ್ಲ ಒಂದು ಮಾತು ಬೇಗ ಹುಟ್ಟಿಕೊಳ್ಳುತ್ತದೆ: ಯಾವ ಜನ್ಮದ ಪಾಪವೋ, ಹಣೆಬರಹ. ಮಾಯ್ದ ಗಾಯ ಬಿಟ್ಟುಹೋಗುವ ಕಲೆ ನಿಜಕ್ಕೂ ಹಿಂದೆ ನಡೆದುದರ ಬರಹವೇ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಕರ್ಮದ ಕಲ್ಪನೆಯನ್ನು ಅಗ್ಗದ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಭಾರತೀಯ ದರ್ಶನಗಳು ಅದನ್ನು ಎಚ್ಚರದಿಂದ ಕಟ್ಟಿವೆ. ಮಾಡಿದ ಕ್ರಿಯೆ ಮುಗಿದುಹೋದರೂ ಅದರ ಸಂಸ್ಕಾರ ಉಳಿಯುತ್ತದೆ. ಆ ಅಚ್ಚು ಕಾಲ ಬಂದಾಗ ಫಲ ಕೊಡುತ್ತದೆ. ಕಣ್ಣಿಗೆ ಕಾಣದ ಈ ಸಂಸ್ಕಾರವನ್ನು ಕಣ್ಣಿಗೆ ಕಾಣುವ ಯಾವುದಕ್ಕಾದರೂ ಹೋಲಿಸಬೇಕೆಂದರೆ ಗಾಯದ ಕಲೆಗಿಂತ ಒಳ್ಳೆಯ ಹೋಲಿಕೆ ಸಿಗಲಾರದು. ಪೆಟ್ಟು ಒಂದು ಕ್ಷಣದ್ದು, ಗುರುತು ಜೀವಮಾನದ್ದು. ಈ ಹೋಲಿಕೆ ಸರಿಯಾದರೆ ಕಲೆಯ ಆಕಾರ, ಗಡಸುತನ, ಅದು ತರುವ ಸಂಕಟ ಎಲ್ಲವೂ ಆ ಮೊದಲ ಪೆಟ್ಟಿನಲ್ಲೇ ಅಡಗಿರಬೇಕು. ಹಾಗಿದೆಯೇ ಎಂಬುದನ್ನು ಊಹಿಸುವ ಅಗತ್ಯವಿಲ್ಲ, ನೋಡಬಹುದು. ಕಳೆದ ಐವತ್ತು ವರ್ಷಗಳಲ್ಲಿ ಜೀವಕೋಶಗಳನ್ನು ಕುರಿತು ತಿಳಿದುಬಂದಿರುವುದು ಈ ಹೋಲಿಕೆಯನ್ನು ಒಳಗಿನಿಂದಲೇ ಬದಲಿಸುತ್ತದೆ.

ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳದ ಒಳಮೈಗೆ ಒಂದು ಅಸ್ತರಿ ಇದೆ. ಮೂತ್ರ ಮೈಯೊಳಗೆ ಜಿನುಗದಂತೆ ಕಾಯುವುದು ಅದರ ಕೆಲಸ. ಅಸ್ತರಿಯಷ್ಟೇ ತರಚಿದರೆ ಅಕ್ಕಪಕ್ಕದ ಕೋಶಗಳು ಹರಡಿ ಬಂದು ಮುಚ್ಚುತ್ತವೆ, ಗುರುತೂ ಉಳಿಯದೆ ಹೋಗಬಹುದು. ಪೆಟ್ಟು ಅಸ್ತರಿಯನ್ನು ದಾಟಿ, ಗಂಡಸರಲ್ಲಿ ನಾಳವನ್ನು ಸುತ್ತುವರಿದಿರುವ ಸ್ಪಂಜಿನಂಥ ಅಂಗಾಂಶಕ್ಕೆ ಇಳಿದರೆ ಕತೆ ಬೇರೆ. ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಬಂದು ಕೊಳೆ ತೆಗೆಯುತ್ತವೆ, ಮ್ಯಾಕ್ರೊಫೇಜ್ ಎಂಬ ಕೋಶಗಳು ಸತ್ತದ್ದನ್ನು ನುಂಗುತ್ತ ಟಿಜಿಎಫ್-ಬೀಟಾದಂಥ ರಾಸಾಯನಿಕ ಸಂದೇಶಗಳನ್ನು ಬಿಡುಗಡೆ ಮಾಡುತ್ತವೆ. ಆ ಕರೆಗೆ ಓಗೊಟ್ಟು ಫೈಬ್ರೊಬ್ಲಾಸ್ಟ್ ಕೋಶಗಳು ಬರುತ್ತವೆ, ಕೊಲಾಜೆನ್ ಎಂಬ ನಾರನ್ನು ನೇಯುತ್ತವೆ. ಅವುಗಳಲ್ಲಿ ಹಲವು ಸ್ನಾಯುವಿನ ಗುಣ ಪಡೆದು ಗಾಯದ ಅಂಚುಗಳನ್ನು ಹಿಡಿದು ಎಳೆಯುತ್ತವೆ. 1971ರಲ್ಲಿ ಜುಲಿಯೊ ಗಬ್ಬಿಯಾನಿ ಮತ್ತು ಸಂಗಡಿಗರು ಗುರುತಿಸಿದ ಈ ಕೋಶಕ್ಕೆ ಮಯೊಫೈಬ್ರೊಬ್ಲಾಸ್ಟ್ ಎಂದು ಹೆಸರು. ಗಾಯ ಮುಚ್ಚಿದ ಮೇಲೆ ಇವು ತಾವಾಗಿಯೇ ಸತ್ತು ಜಾಗ ತೆರವು ಮಾಡಬೇಕು. ಮಾಡದಿದ್ದರೆ ನಾರು ನೇಯುತ್ತಲೇ ಇರುತ್ತವೆ, ಎಳೆಯುತ್ತಲೇ ಇರುತ್ತವೆ. ಕೈಮೇಲಿನ ಕಲೆ ಹೀಗೆ ಬಿಗಿದರೆ ಚರ್ಮ ಸುಕ್ಕಾಗಬಹುದು, ಅಷ್ಟೇ. ನಾಳದೊಳಗೆ ಬಿಗಿದರೆ ದಾರಿಯೇ ಮುಚ್ಚುತ್ತದೆ. ವೈದ್ಯರು ಸ್ಟ್ರಿಕ್ಚರ್ ಎನ್ನುವುದು ಇದನ್ನೇ.

ಪೆಟ್ಟೇ ಕಲೆಯನ್ನು ಬರೆಯುವುದಾದರೆ ಒಂದೇ ಬಗೆಯ ಪೆಟ್ಟು ಎಲ್ಲೆಡೆ ಒಂದೇ ಬಗೆಯ ಕಲೆ ಬಿಡಬೇಕಿತ್ತು. ಬಿಡುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಕೊಯ್ದರೆ ಚರ್ಮಕ್ಕಿಂತ ಬೇಗ ಮಾಯುತ್ತದೆ, ಕಲೆಯೂ ಕಡಿಮೆ. ಗರ್ಭದ ಮೊದಲ ತಿಂಗಳುಗಳಲ್ಲಿರುವ ಶಿಶುವಿನ ಚರ್ಮಕ್ಕೆ ಗಾಯವಾದರೆ ಕಲೆಯಿಲ್ಲದೆ ಮಾಯುತ್ತದೆ. ಬೆಳವಣಿಗೆ ಒಂದು ಹಂತ ದಾಟಿದ ಮೇಲೆ ಅದೇ ಚರ್ಮ ಕಲೆ ಬಿಡತೊಡಗುತ್ತದೆ. ಕತ್ತಿ ಅದೇ, ಆಳ ಅದೇ. ಬೇರೆಯಾದದ್ದು ಸುತ್ತಲಿನ ಕೋಶಗಳು ಮತ್ತು ಅವು ಆಡಿಕೊಳ್ಳುವ ಮಾತು. ಶಸ್ತ್ರವೈದ್ಯರು ಈ ವ್ಯತ್ಯಾಸವನ್ನು ಬಳಸಿಕೊಂಡಿದ್ದಾರೆ. ಕೆನ್ನೆಯ ಒಳಪದರದ ಪಟ್ಟಿಯನ್ನು ತೆಗೆದು, ಕಿರಿದಾದ ಮೂತ್ರನಾಳವನ್ನು ಸೀಳಿ, ಅಲ್ಲಿ ಹೊಲಿದು ದಾರಿ ಅಗಲಿಸುವ ಶಸ್ತ್ರಚಿಕಿತ್ಸೆ 1990ರ ದಶಕದಿಂದ ಎಲ್ಲೆಡೆ ರೂಢಿಗೆ ಬಂತು. ನಾಳವನ್ನು ಸುತ್ತಲೂ ಬಿಡಿಸದೆ ಒಂದೇ ಬದಿಯಿಂದ ಬಿಡಿಸಿ ಈ ಪಟ್ಟಿ ಕೂರಿಸುವ ವಿಧಾನಕ್ಕೆ ಪುಣೆಯ ಶಸ್ತ್ರವೈದ್ಯ ಸಂಜಯ ಕುಲಕರ್ಣಿ ಹೆಸರಾಗಿದ್ದಾರೆ. ಇನ್ನೊಂದು ಬದಿಯ ರಕ್ತನಾಳ, ನರಗಳು ಉಳಿದರೆ ಅಲ್ಲಿನ ಕೋಶಗಳೂ ಸುಖವಾಗಿ ಉಳಿಯುತ್ತವೆ. ತೇವದಲ್ಲಿ ಬಾಳಿ ರೂಢಿಯಾದ ಬಾಯಿಯ ಕೋಶಗಳು ಹೊಸ ಊರಲ್ಲೂ ತಮ್ಮ ನಡತೆ ಬಿಡುವುದಿಲ್ಲ.

ಇದಕ್ಕಿಂತ ನೇರವಾದ ಸಾಕ್ಷ್ಯ ಮೊಲಗಳ ಮೇಲಿನ ಪ್ರಯೋಗಗಳಿಂದ ಬಂದಿದೆ. ಆಂಥನಿ ಅಟಾಲಾ ಅವರ ತಂಡ ಮೊಲಗಳ ಮೂತ್ರನಾಳದ ತುಂಡೊಂದನ್ನು ತೆಗೆದು, ಆ ಜಾಗದಲ್ಲಿ ಜೀವಕೋಶಗಳೇ ಇಲ್ಲದ, ಬರಿಯ ನಾರಿನ ಕೊಳವೆಯನ್ನು ಕೂರಿಸಿತು. ಎಷ್ಟು ಉದ್ದದವರೆಗೆ ಅಂಗಾಂಶ ಸರಿಯಾಗಿ ಮರುಹುಟ್ಟುತ್ತದೆ ಎಂದು ಅಳೆದಾಗ 2008ರಲ್ಲಿ ಪ್ರಕಟವಾದ ಉತ್ತರ ಅರ್ಧ ಸೆಂಟಿಮೀಟರ್. ಅಷ್ಟರೊಳಗೆ ಎರಡೂ ಅಂಚಿನ ಕೋಶಗಳು ನಡೆದುಬಂದು ಒಂದನ್ನೊಂದು ಕೂಡಿಕೊಂಡವು. ಅದಕ್ಕಿಂತ ಉದ್ದವಾದಲ್ಲಿ ನಾರು ತುಂಬಿ ಕಲೆಯಾಯಿತು, ನಾಳ ಕಿರಿದಾಯಿತು. ಅದೇ ಬಗೆಯ ಕೊಳವೆಗೆ ಪ್ರಾಣಿಯ ಸ್ವಂತ ಕೋಶಗಳನ್ನು ಮೊದಲೇ ಬಿತ್ತಿ ಕೂರಿಸಿದಾಗ ಉದ್ದವಾಗಿದ್ದರೂ ದಾರಿ ತೆರೆದಿತ್ತು. 2011ರಲ್ಲಿ ಇದೇ ತಂಡ ಐವರು ಬಾಲಕರ ಮೇಲೆ ನಡೆಸಿದ ಚಿಕಿತ್ಸೆಯ ವರದಿ ಬಂತು: ಅವರವರ ಮೂತ್ರಕೋಶದಿಂದಲೇ ತೆಗೆದ ಸ್ನಾಯು ಮತ್ತು ಅಸ್ತರಿಯ ಕೋಶಗಳನ್ನು ಕೊಳವೆಯ ಮೇಲೆ ಬೆಳೆಸಿ ಕೂರಿಸಿದ ನಾಳಗಳು ವರ್ಷಗಳ ನಂತರವೂ ಕೆಲಸ ಮಾಡುತ್ತಿದ್ದವು. ಐವರ ಅನುಭವ ಎಲ್ಲರಿಗೂ ಒದಗುವ ಮದ್ದಲ್ಲ, ಅದನ್ನು ಹಾಗೆ ಮಾರಬಾರದು. ನಮ್ಮ ಪ್ರಶ್ನೆಗೆ ಮಾತ್ರ ಅದು ಸಾಕಷ್ಟು ಹೇಳುತ್ತದೆ. ಕಲೆ ಹುಟ್ಟುವುದು ಗಾಯ ಆದಲ್ಲಿ ಅಲ್ಲ, ಗಾಯದ ನಡುವಿಗೆ ನೆರೆಯವರ ಕೈ ಎಟುಕದಲ್ಲಿ.

ಇಲ್ಲಿ ಕರ್ಮವಾದಿ ಒಂದು ಬಲವಾದ ಆಕ್ಷೇಪ ಎತ್ತಬಹುದು. ಕಲೆಯೇ ಕಲೆಯನ್ನು ಹುಟ್ಟಿಸುತ್ತದಲ್ಲ? ಹೌದು, ಹುಟ್ಟಿಸುತ್ತದೆ. ಗಡಸಾದ ಅಂಗಾಂಶದ ಬಿಗಿತವೇ ಮಯೊಫೈಬ್ರೊಬ್ಲಾಸ್ಟನ್ನು ಎಚ್ಚರವಾಗಿಡುತ್ತದೆ. ಅದು ಇನ್ನಷ್ಟು ನಾರು ನೇಯುತ್ತದೆ. ಅಂಗಾಂಶ ಇನ್ನಷ್ಟು ಗಡಸಾಗುತ್ತದೆ. ಕಿರಿದಾದ ನಾಳವನ್ನು ಒಳಗಿನಿಂದ ಕೊಯ್ದು ಅಗಲಿಸಿದರೆ ಹಲವರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ, ಮತ್ತೆ ಮತ್ತೆ ಕೊಯ್ದಷ್ಟೂ ಗೆಲುವಿನ ಆಸೆ ಕುಗ್ಗುತ್ತದೆ. ಸಂಸ್ಕಾರದಿಂದ ಕ್ರಿಯೆ, ಕ್ರಿಯೆಯಿಂದ ಸಂಸ್ಕಾರ ಎಂಬ ಚಕ್ರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಇಷ್ಟರ ಮಟ್ಟಿಗೆ ಕರ್ಮಸಿದ್ಧಾಂತ ದೇಹದ ಒಂದು ಸತ್ಯವನ್ನು ಮುಟ್ಟಿದೆ ಎಂದು ಒಪ್ಪಲೇಬೇಕು. ಆದರೆ ಈ ಚಕ್ರವನ್ನು ತಿರುಗಿಸುತ್ತಿರುವುದು ಹತ್ತು ವರ್ಷದ ಹಿಂದಿನ ಪೆಟ್ಟಲ್ಲ. ಈ ಹೊತ್ತಿನ ಬಿಗಿತ. ಅದೇ ಕೋಶವನ್ನು ಪ್ರಯೋಗಾಲಯದಲ್ಲಿ ಮೆತ್ತನೆಯ ಹಾಸಿನ ಮೇಲೆ ಇಟ್ಟರೆ ಅದರ ಎಳೆತ ತಗ್ಗುತ್ತದೆ. ಹಿಂದಿನದು ಇಂದಿನ ನೆರೆಯ ಮೂಲಕವೇ ಫಲ ಕೊಡುವುದಾದರೆ, ನೆರೆ ಬದಲಾದಾಗ ಫಲವೂ ಬದಲಾಗುತ್ತದೆ. ಹಣೆಬರಹ ಎನ್ನುವ ಮಾತಿಗೆ ಈ ಎರಡನೆಯ ಅರ್ಧ ಗೊತ್ತಿಲ್ಲ.

ನಂಬುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳಬಹುದು: ಕೋಶಗಳ ಆ ನಡತೆಯೂ ಪೂರ್ವಕರ್ಮದ ಕೈವಾಡವೇ ಏಕಾಗಿರಬಾರದು? ಇದನ್ನು ಸುಳ್ಳೆಂದು ತೋರಿಸಲು ಯಾವ ಪ್ರಯೋಗದಿಂದಲೂ ಆಗದು. ಅದರ ದೌರ್ಬಲ್ಯ ಇರುವುದೂ ಅಲ್ಲೇ. ಮಾಯ್ದರೂ ಕರ್ಮ, ಮಾಯದಿದ್ದರೂ ಕರ್ಮ ಎನ್ನುವ ವಿವರಣೆ ಎರಡರ ನಡುವಿನ ಅರ್ಧ ಸೆಂಟಿಮೀಟರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ನಮ್ಮ ಹಳೆಯ ವೈದ್ಯಶಾಸ್ತ್ರ ಈ ಬಲೆಗೆ ಬೀಳಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನ ದೈವ ಮತ್ತು ಪುರುಷಕಾರ ಎರಡನ್ನೂ ತೂಗುತ್ತದೆ. ದೈವವೆಂದರೆ ಹಿಂದಿನ ಜನ್ಮದ ಕೃತ್ಯ, ಪುರುಷಕಾರವೆಂದರೆ ಈ ಜನ್ಮದ ಪ್ರಯತ್ನ. ದೈವ ದುರ್ಬಲವಾಗಿದ್ದರೆ ಪ್ರಯತ್ನ ಅದನ್ನು ಗೆಲ್ಲುತ್ತದೆ. ಆಯುಷ್ಯವೆಲ್ಲ ಮೊದಲೇ ಗೊತ್ತಾಗಿಬಿಟ್ಟಿದ್ದರೆ ಔಷಧಕ್ಕೆ ಅರ್ಥವೇ ಇರುತ್ತಿರಲಿಲ್ಲ ಎಂಬುದು ಅಲ್ಲಿನ ವಾದ. ಸುಶ್ರುತಸಂಹಿತೆ ಇನ್ನೂ ಕೈಗೆಲಸದ್ದು. ಮುಂದೊಗಲು ಬಿಗಿದು ಮೂತ್ರದ ದಾರಿ ಕಿರಿದಾದಾಗ ಕಬ್ಬಿಣ, ಮರ ಅಥವಾ ಅರಗಿನಿಂದ ಮಾಡಿದ, ಎರಡೂ ಕಡೆ ಬಾಯುಳ್ಳ ನಾಳಿಕೆಗೆ ತುಪ್ಪ ಸವರಿ ಒಳಸೇರಿಸಬೇಕು, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪನೆಯದನ್ನು ಹಾಕಬೇಕು ಎನ್ನುತ್ತದೆ ಅದು. ಕರ್ಮವನ್ನು ನಂಬಿದವರೇ ಬರೆದ ಗ್ರಂಥ ಇದು. ರೋಗಿಯ ಪಾಪ ಕೆದಕುವ ಬದಲು ಅವರು ತುಪ್ಪ ಸವರಿದರು.

ಎದುರು ದಿಕ್ಕಿನಿಂದ ಬರುವ ಆಕ್ಷೇಪವನ್ನೂ ಕೇಳಬೇಕು. ಕೋಶಕ್ಕೆ ಮನಸ್ಸಿಲ್ಲ, ದಯೆಯಿಲ್ಲ. ನೆರೆ, ಕರೆ, ಮಾತು ಎಂಬ ಪದಗಳನ್ನು ಅವುಗಳ ಮೇಲೆ ಹೊರಿಸಿ ನೀತಿಪಾಠ ತೆಗೆಯುವುದು ಕವಿಗಳ ಆಟವಲ್ಲವೇ? ಮಾತು ಎಂಬುದು ಇಲ್ಲಿ ಬರಿಯ ಅಲಂಕಾರವಲ್ಲ. ಇಲಿಗಳ ಮೂತ್ರಕೋಶಕ್ಕೆ ಗಾಯವಾದಾಗ ಅಸ್ತರಿಯ ಬುಡದ ಕೋಶಗಳು ಕೆಳಗಿನ ಅಂಗಾಂಶಕ್ಕೆ ಒಂದು ಸಂದೇಶ ಕಳಿಸುತ್ತವೆ, ಅಲ್ಲಿಂದ ಬರುವ ಮರುಸಂದೇಶವೇ ಅಸ್ತರಿಯನ್ನು ಮತ್ತೆ ಬೆಳೆಸುತ್ತದೆ ಎಂಬುದು 2011ರಲ್ಲಿ ದಾಖಲಾದ ಸಂಗತಿ. ಆದರೂ ಆಕ್ಷೇಪದ ತಿರುಳು ಸರಿ: ಕೋಶ ಹೀಗೆ ಮಾಡುತ್ತದೆ, ಆದ್ದರಿಂದ ಮನುಷ್ಯ ಹೀಗೆ ಬಾಳಬೇಕು ಎಂಬ ತರ್ಕ ನಿಲ್ಲುವುದಿಲ್ಲ. ಇಲ್ಲಿ ಮಾಡುತ್ತಿರುವುದು ಅದನ್ನಲ್ಲ. ಕರ್ಮವಾದವೇ ಗಾಯದ ಕಲೆಯನ್ನು ಸಾಕ್ಷಿಗೆ ಕರೆದಿತ್ತು. ಆ ಸಾಕ್ಷಿ ಕಟಕಟೆಗೆ ಬಂದು ಬೇರೆಯದನ್ನೇ ಹೇಳಿತು ಎಂಬುದಷ್ಟೇ ವಾದ. ಪಾಪದ ಲೆಕ್ಕವನ್ನು ರೋಗಿಯಿಂದ ಕಿತ್ತು ಅವನ ಮನೆಯವರ ತಲೆಗೆ ಕಟ್ಟುವುದೂ ತಪ್ಪೇ. ಎಟುಕದ ಕೈ ಅಪರಾಧಿಯಲ್ಲ. ಕೆಲವೊಮ್ಮೆ ಗಾಯವೇ ತುಂಬ ದೊಡ್ಡದು.

ಹೀಗೆಂದು ಕಲೆಯನ್ನು ಶತ್ರುವೆನ್ನಲೂ ಬಾರದು. ಒಡೆದ ನಾಳದಿಂದ ಮೂತ್ರ ಅಂಗಾಂಶಕ್ಕೆ ಜಿನುಗಿದರೆ ಸೋಂಕು ಹಬ್ಬಿ ಜೀವಕ್ಕೇ ಕುತ್ತು. ಅಚ್ಚುಕಟ್ಟಾಗಿ ಕಟ್ಟಲು ಹೊತ್ತಿಲ್ಲದಾಗ ಸಿಕ್ಕಿದ್ದರಲ್ಲಿ ಮುಚ್ಚುವುದೇ ವಿವೇಕ. ಮಯೊಫೈಬ್ರೊಬ್ಲಾಸ್ಟ್ ಬಂದದ್ದು ಉಪಕಾರಕ್ಕೆ. ಕೇಡು ಶುರುವಾದದ್ದು ಅದು ಹೋಗದೆ ಉಳಿದಾಗ. ಗುಡ್ಡಾಪುರದ ಹೆಸರಿನೊಂದಿಗೆ ಬೆಸೆದ ಶರಣಪರಂಪರೆಗೆ ಈ ಸೂಕ್ಷ್ಮ ಹೊಸದಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಕಲ್ಯಾಣದಲ್ಲಿ ತೋರಿದ ಉದಾರತೆಯಿಂದ ಬಸವಣ್ಣನವರಿಂದ ದಾನಮ್ಮ ಎನಿಸಿಕೊಂಡಳು ಎಂದು ಪರಂಪರೆ ಹೇಳುತ್ತದೆ. ಹುಟ್ಟಿನಲ್ಲಿ ಬಂದ ಹೆಸರನ್ನು ಅವಳ ನಡತೆ ಬದಲಿಸಿತು. ಹಿಂದಿನದೇ ಕೊನೆಯ ಬರಹವಲ್ಲ ಎಂಬುದಕ್ಕೆ ಭಕ್ತರು ದಿನವೂ ಉಚ್ಚರಿಸುವ ಹೆಸರೇ ಸಾಕ್ಷಿ. ದಾನವನ್ನು ಮೆಚ್ಚಿದ ಅದೇ ಶರಣರು ದಾನಕ್ಕಿಂತ ದಾಸೋಹವನ್ನು ಮೇಲಿಟ್ಟರು. ಕೊಟ್ಟೆ ಎಂಬ ಭಾವ ಉಳಿದಲ್ಲಿ ಕೊಟ್ಟವನು ಪಡೆದವನ ಮೇಲೆ ಬಿಗಿಯುತ್ತ ನಿಂತಿರುತ್ತಾನೆ; ದಾಸೋಹದಲ್ಲಿ ಬಡಿಸಿದ ಕೈ ಹಿಂದಕ್ಕೆ ಸರಿಯುತ್ತದೆ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ ಎಂಬ ಅವರ ಭೇದವೂ ಇಲ್ಲಿಗೆ ಹೊಂದುತ್ತದೆ. ಹರಿವಿಗೆಂದೇ ಇರುವ ದಾರಿಯಲ್ಲಿ ಉಪಕಾರವೇ ಬೇರುಬಿಟ್ಟರೆ ಅಡ್ಡಿಯಾಗುತ್ತದೆ.

ಆದ್ದರಿಂದ ಹರಕೆ ಹೊತ್ತು ಗುಡ್ಡಾಪುರಕ್ಕೆ ನಡೆದವನಿಗೆ ಹರಕೆ ಬಿಡು ಎನ್ನಬೇಕಾಗಿಲ್ಲ. ಅವನೊಂದಿಗೆ ನಡೆಯುತ್ತಿರುವವರು, ದಾರಿಯಲ್ಲಿ ರೊಟ್ಟಿ ಕಟ್ಟಿಕೊಟ್ಟವರು, ನೀರು ಕೊಟ್ಟವರು ಅವನ ಈ ಹೊತ್ತಿನ ನೆರೆ. ಬಿಡಬೇಕಾದದ್ದು ಪಾಪದ ಮಾತನ್ನು, ಏಕೆಂದರೆ ಅದು ನಾಚಿಕೆ ಹುಟ್ಟಿಸಿ ಬಾಯಿ ಕಟ್ಟುತ್ತದೆ. ಧಾರೆ ಸಣ್ಣಗಾದದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟವನಲ್ಲಿ ಹಿಂದೊತ್ತಿದ ಮೂತ್ರ ಮೂತ್ರಪಿಂಡವನ್ನೂ ಕೆಡಿಸಬಹುದು. ಆ ಕೇಡು ಯಾವ ಜನ್ಮದ ಬರಹವೂ ಅಲ್ಲ. ಬೇಗ ಹೇಳಿಕೊಂಡಿದ್ದರೆ ಯಾರದೋ ಕೈ ಎಟುಕುತ್ತಿತ್ತು.